ಪಾಯಸದ ಬಟ್ಟಲು, ಪರದೆಯ ಹಸಿವು

ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಕಳೆದ ವರ್ಷ ಮೂರು ತಿಂಗಳು ಇದ್ದೆ. ಅಲ್ಲಿ ಶನಿವಾರದ ರಾತ್ರಿಗೊಂದು ಪದ್ಧತಿಯಿತ್ತು. ಊಟವಾದ ಮೇಲೆ ಮನೆಯಲ್ಲೇ ಮಾಡಿದ ಒಂದು ಸಿಹಿ, ಅದನ್ನು ಬಟ್ಟಲಲ್ಲಿ ಹಿಡಿದು ಸೋಫಾದಲ್ಲಿ ಕುಳಿತರೆ ಟಿ.ವಿ.ಯಲ್ಲಿ ನೆಟ್‌ಫ್ಲಿಕ್ಸ್‌ನ ‘ಲವ್ ಈಸ್ ಬ್ಲೈಂಡ್’. ಅಪರಿಚಿತ ತರುಣ ತರುಣಿಯರು ಗೋಡೆಯ ಆಚೀಚೆ ಕುಳಿತು, ಪರಸ್ಪರರ ಮುಖ ನೋಡದೆ ಕೆಲವು ದಿನ ಮಾತನಾಡಿ, ಮದುವೆಗೆ ಒಪ್ಪಿಕೊಂಡ ಮೇಲಷ್ಟೇ ಭೇಟಿಯಾಗುತ್ತಾರೆ. ಕೊನೆಗೆ ಮದುವೆಯ ಮಂಟಪದಲ್ಲಿ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. 2020ರ ಫೆಬ್ರುವರಿಯಲ್ಲಿ ಆರಂಭವಾದ ಕಾರ್ಯಕ್ರಮವಿದು. ಅಂತರಪಟ ಸರಿಯುವವರೆಗೂ ಅಜ್ಜನ ಮುಖವನ್ನೇ ಕಂಡಿರದ ನನ್ನ ಅಜ್ಜಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲವೇನೋ.

ಸಿಹಿಗೂ ಇಂಥ ಕಾರ್ಯಕ್ರಮಗಳಿಗೂ ಅಮೆರಿಕದಲ್ಲಿ ಗಂಟು ಬಿದ್ದು ಬಹುಕಾಲವಾಯಿತು. 2002ರ ಮಾರ್ಚ್‌ನಲ್ಲಿ ಎಬಿಸಿ ವಾಹಿನಿ ‘ದಿ ಬ್ಯಾಚುಲರ್’ ಆರಂಭಿಸಿದ ನಂತರ, ಗೆಳತಿಯರು ಒಬ್ಬರ ಮನೆಯಲ್ಲಿ ಸೇರಿ, ಕೈಯಾರೆ ಮಾಡಿದ ಕೇಕನ್ನು ಹಂಚಿಕೊಂಡು ನೋಡುವ ರೂಢಿ ಬೆಳೆಯಿತು. ನಮ್ಮ ಮನೆಯ ಕೂಟಕ್ಕೆ ನನ್ನ ಕಾಣಿಕೆ ಗಸಗಸೆ ಪಾಯಸ. ಗಸಗಸೆಯನ್ನೂ ಒಂದು ಹಿಡಿ ಅಕ್ಕಿಯನ್ನೂ ಹದವಾಗಿ ಹುರಿದು, ನೆನೆಸಿ, ತೆಂಗಿನಕಾಯಿ ಏಲಕ್ಕಿಯೊಡನೆ ನುಣ್ಣಗೆ ರುಬ್ಬಿ, ಬೆಲ್ಲದ ನೀರಿನಲ್ಲಿ ಕುದಿಸಬೇಕು. ಕೈಬಿಡದೆ ಕದಡದಿದ್ದರೆ ತಳ ಹತ್ತುತ್ತದೆ. ಇದನ್ನು ಕುಡಿದವರಿಗೆ ನಿದ್ದೆ ಬರುವುದೆಂಬ ಪ್ರತೀತಿ ನಮ್ಮಲ್ಲಿ ಇರುವುದರಿಂದ, ರಾತ್ರಿ ಹನ್ನೊಂದರ ಪ್ರೇಮ ನಿವೇದನೆಗೆ ಇದು ತಕ್ಕ ಜೊತೆಯಲ್ಲವೆಂದು ಅಳಿಯಂದಿರು ನಗುತ್ತಿದ್ದರು.

ನಾವು ನೋಡುತ್ತಿದ್ದೆವು ಎನ್ನುವುದಕ್ಕಿಂತ ತೀರ್ಪು ಕೊಡುತ್ತಿದ್ದೆವು ಎನ್ನುವುದೇ ಸರಿ. ಇವಳ ನಗು ಕೃತಕ, ಅವನದು ಬರೀ ಲೆಕ್ಕಾಚಾರ, ಈ ಹುಡುಗಿಗೆ ಮಾತು ಹೆಚ್ಚಾಯಿತು. ಒಂದು ರಾತ್ರಿ ಹೀಗೆ ಹರಟುತ್ತಿರುವಾಗ ಪರದೆಯ ಮೇಲಿನ ತಟ್ಟೆ ಕಣ್ಣಿಗೆ ಬಿತ್ತು. ಅದರಲ್ಲಿದ್ದ ತಿಂಡಿ ದೃಶ್ಯ ಮುಗಿದರೂ ಹಾಗೆಯೇ ಇತ್ತು. ‘ಅಮ್ಮಾ, ಇಂಥ ಕಾರ್ಯಕ್ರಮಗಳಲ್ಲಿ ಊಟದ ಮೇಜಿರುವುದು ನೋಡುವುದಕ್ಕೆ’ ಎಂದಳು ಮಗಳು. ‘ದಿ ಬ್ಯಾಚುಲರ್’ನಲ್ಲಿ ಭಾಗವಹಿಸಿದ ಹಲವರು ಇದನ್ನು ಬಹಿರಂಗವಾಗಿಯೇ ಹೇಳಿದ್ದಾರೆ. ಅಗಿಯುವ ಸದ್ದು ಮೈಕಿಗೆ ಕೇಳಿಸುತ್ತದೆಂದು ಅಲ್ಲಿ ಊಟದ ದೃಶ್ಯದಲ್ಲಿ ತಿನ್ನುವಂತಿಲ್ಲ, ಮೊದಲೇ ತಿಂದು ಬರಬೇಕು. ‘ಲವ್ ಈಸ್ ಬ್ಲೈಂಡ್’ನ ಪಾತ್ರೆಗಳಂತೂ ಬಂಗಾರದ ಬಣ್ಣದ ಲೋಟಗಳು. ಯಾರು ಎಷ್ಟು ಕುಡಿದರೆಂಬುದು ಹೊರಗಿನಿಂದ ಕಾಣುವುದಿಲ್ಲ.

ಇಷ್ಟೇ ಆಗಿದ್ದರೆ ಚಿತ್ರೀಕರಣದ ಚಮತ್ಕಾರವೆಂದು ಸುಮ್ಮನಿರಬಹುದಿತ್ತು. ಆದರೆ 2022ರಲ್ಲಿ ಎರಡನೆಯ ಆವೃತ್ತಿಯ ಸ್ಪರ್ಧಿಯೊಬ್ಬರು ಲಾಸ್ ಏಂಜಲೀಸ್‌ನಲ್ಲಿ ಮೊಕದ್ದಮೆ ಹೂಡಿದರು. ಅನ್ನ ನೀರಿಗೆ ಮಿತಿ ಹಾಕಿ, ಮದ್ಯವನ್ನು ಮಾತ್ರ ಧಾರಾಳವಾಗಿ ಕೊಟ್ಟರು, ದಿನಕ್ಕೆ 20 ಗಂಟೆಯವರೆಗೂ ದುಡಿಸಿಕೊಂಡು ವಾರಕ್ಕೆ 1,000 ಡಾಲರ್ ಕೊಟ್ಟರು, ನಡುವೆ ಬಿಟ್ಟುಹೋದರೆ 50,000 ಡಾಲರ್ ದಂಡವೆಂದು ಬೆದರಿಕೆಯಿತ್ತು ಎಂಬುದು ಅವರ ಆರೋಪ. ತಯಾರಕ ಸಂಸ್ಥೆಯಾದ ಕೈನೆಟಿಕ್ ಕಂಟೆಂಟ್ ಇದರಲ್ಲಿ ಹುರುಳಿಲ್ಲವೆಂದಿತು. 2024ರಲ್ಲಿ ವ್ಯಾಜ್ಯವು 14 ಲಕ್ಷ ಡಾಲರಿನ ರಾಜಿಗೆ ಬಂತು. ರಾಜಿ ತಪ್ಪೊಪ್ಪಿಗೆಯಲ್ಲ, ನಿಜ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿಯ ಮಿನಿಯಾಪೊಲಿಸ್ ಕಚೇರಿ ಇನ್ನೂ ಮುಂದೆ ಹೋಗಿ, ಈ ಸ್ಪರ್ಧಿಗಳು ನೌಕರರೇ ಎಂದು ದೂರು ದಾಖಲಿಸಿತು. ಪ್ರೀತಿಸಲು ಬಂದವರು ನೌಕರರೇ? ಮೇಲ್ನೋಟಕ್ಕೆ ನಗೆಪಾಟಲೆನಿಸುವ ಈ ಪ್ರಶ್ನೆಯಲ್ಲಿ ಕನಿಷ್ಠ ವೇತನ, ವಿಶ್ರಾಂತಿ, ಸಂಘ ಕಟ್ಟಿಕೊಳ್ಳುವ ಹಕ್ಕು ಎಲ್ಲವೂ ಅಡಗಿವೆ. ಬ್ರಿಟನ್ನಿನಲ್ಲಿ ‘ಲವ್ ಐಲೆಂಡ್’ನ ಮಾಜಿ ಸ್ಪರ್ಧಿಗಳಿಬ್ಬರ ಸಾವುಗಳು ದೊಡ್ಡ ಚರ್ಚೆಗೆ ಕಾರಣವಾಗಿ, ಪ್ರಸಾರ ನಿಯಂತ್ರಕ ಆಫ್‌ಕಾಮ್ 2021ರ ಏಪ್ರಿಲ್‌ನಿಂದ ಭಾಗವಹಿಸುವವರ ಕ್ಷೇಮಕ್ಕೆ ಹೊಸ ನಿಯಮಗಳನ್ನು ಜಾರಿಗೆ ತಂದಿತು. ನಮ್ಮಲ್ಲಿ ಈ ಮಾತು ಇನ್ನೂ ಗಟ್ಟಿಯಾಗಿ ಕೇಳಿಬಂದಿಲ್ಲ. 2013ರಲ್ಲಿ ಕನ್ನಡಕ್ಕೆ ಬಂದ ‘ಬಿಗ್ ಬಾಸ್’ ಪ್ರಣಯದ ಸ್ಪರ್ಧೆಯಲ್ಲವಾದರೂ, ಟಾಸ್ಕ್ ಗೆದ್ದರೆ ಒಳ್ಳೆಯ ದಿನಸಿ, ಸೋತರೆ ಇಲ್ಲ ಎಂಬ ಅದರ ‘ಲಕ್ಷುರಿ ಬಜೆಟ್’ ಲೆಕ್ಕಾಚಾರವನ್ನು ಮನೆಮಂದಿಯೆಲ್ಲ ರಾತ್ರಿಯ ಊಟದ ಹೊತ್ತಿಗೇ ನೋಡಿದ್ದೇವೆ.

‘ಅವರೆಲ್ಲ ತಾವಾಗಿಯೇ ಬಂದವರು, ಯಾರೂ ಎಳೆದು ತಂದಿಲ್ಲ’ ಎನ್ನುವವರಿದ್ದಾರೆ. ನಾನೂ ಮೊದಲು ಹಾಗೆಯೇ ಅಂದೆ. ಅಂದ ಕ್ಷಣವೇ ಅಕ್ಕನ ನೆನಪಾಯಿತು.

ಎಪ್ಪತ್ತರ ದಶಕ, ಹಾಸನದ ನಮ್ಮ ಮನೆ. ಹೆಣ್ಣು ನೋಡಲು ಗಂಡಿನ ಕಡೆಯವರು ಬರುತ್ತಾರೆಂದರೆ ಬೆಳಗಿನಿಂದಲೇ ರವೆ ಹುರಿಯುವ ಘಮ. ಉಪ್ಪಿಟ್ಟು, ಕೇಸರಿಬಾತು. ಅಕ್ಕ ರೇಷ್ಮೆ ಸೀರೆಯುಟ್ಟು ತಟ್ಟೆಗಳನ್ನು ತಂದು ಒಬ್ಬೊಬ್ಬರ ಮುಂದಿಟ್ಟು, ಚಾಪೆಯ ತುದಿಯಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ಅವರು ಕೇಸರಿಬಾತಿನ ಗೋಡಂಬಿಯನ್ನು ಹುಡುಕಿ ಬಾಯಿಗಿಡುತ್ತ ಅವಳ ಬಣ್ಣ, ಎತ್ತರ, ನಡಿಗೆ ನೋಡುತ್ತಿದ್ದರು. ಹಾಡು ಹೇಳಿಸುತ್ತಿದ್ದರು. ಅವಳ ಮುಂದೆ ಮಾತ್ರ ತಟ್ಟೆ ಇರುತ್ತಿರಲಿಲ್ಲ. ನೋಡಿಸಿಕೊಳ್ಳುವ ಹುಡುಗಿ ತಿನ್ನಬಾರದೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ತಿನ್ನು ಎಂದೂ ಹೇಳಿದ್ದಿಲ್ಲ. ಬಂದವರು ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಹೊರಟ ಮೇಲೆ, ಅಡುಗೆಮನೆಯಲ್ಲಿ ಬಾಣಲೆಯ ತಳಕ್ಕಂಟಿದ ಕೇಸರಿಬಾತನ್ನು ನಾವಿಬ್ಬರೂ ಕೆರೆದು ತಿನ್ನುತ್ತಿದ್ದೆವು. ನಾಲ್ಕು ಬಾರಿ ಕಾಗದ ಬರಲಿಲ್ಲ. ಐದನೆಯ ಸಲ ಅಕ್ಕ ಹಾಡಲು ಒಪ್ಪಲಿಲ್ಲ. ಆ ಸಂಬಂಧವೇ ಕೂಡಿಬಂದದ್ದು ಬೇರೆ ಮಾತು. ಅವಳೂ ಆ ಚಾಪೆಗೆ ತಾನಾಗಿಯೇ ನಡೆದುಬಂದವಳು, ಯಾರೂ ಎಳೆದು ತಂದಿರಲಿಲ್ಲ.

ಬಟ್ಟಲು ಹಿಡಿದು ಸೋಫಾದಲ್ಲಿ ಕುಳಿತ ನಾನು ಈಗ ಗಂಡಿನ ಕಡೆಯವಳಾಗಿದ್ದೆ. ವ್ಯತ್ಯಾಸವಿಲ್ಲದಿಲ್ಲ. ಆ ತರುಣಿಯರು ಓದಿದವರು, ದುಡಿಯುವವರು, ಮಂಟಪದಲ್ಲಿ ನಿಂತು ‘ಇಲ್ಲ’ ಎನ್ನಬಲ್ಲವರು. ಹಾಗೆಂದವರು ಎಷ್ಟೋ ಜನ. ಅಕ್ಕನಿಗೆ ಕಾಗದ ಬರೆಯುವ ಅಧಿಕಾರ ಇರಲಿಲ್ಲ. ಆದರೆ ನೋಡುವವರ ಕೈಯಲ್ಲಿ ಸಿಹಿ, ನೋಡಿಸಿಕೊಳ್ಳುವವರ ಮುಂದೆ ಮುಟ್ಟದ ತಟ್ಟೆ ಎಂಬ ಏರ್ಪಾಡು ಅರ್ಧ ಶತಮಾನವನ್ನೂ ಏಳು ಸಮುದ್ರಗಳನ್ನೂ ದಾಟಿ ಬಂದದ್ದು ನನಗೆ ಸಣ್ಣ ಸಂಗತಿಯೆನಿಸಲಿಲ್ಲ. ಈ ಕಾರ್ಯಕ್ರಮಗಳನ್ನು ಅಶ್ಲೀಲವೆಂದು ನಿಷೇಧಿಸಬೇಕೆನ್ನುವ ನಮ್ಮ ಸಂಸ್ಕೃತಿ ರಕ್ಷಕರು ಕೇಳದ ಪ್ರಶ್ನೆ ಇದೇ: ಅವರಿಗೆ ಊಟ ಕೊಟ್ಟಿರಾ, ನಿದ್ದೆ ಮಾಡಲು ಬಿಟ್ಟಿರಾ, ದುಡಿದದ್ದಕ್ಕೆ ಕೂಲಿ ಕೊಟ್ಟಿರಾ?

ಅಕ್ಕನ ಕತೆಯನ್ನು ಆ ರಾತ್ರಿ ಹೇಳಿದಾಗ ಮಗಳು ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿದಳು. ‘ದೊಡ್ಡಮ್ಮ ಇದನ್ನು ಯಾವತ್ತೂ ಹೇಳಲೇ ಇಲ್ಲವಲ್ಲ’ ಎಂದಳು. ಭಾರತದಲ್ಲಿ ಆಗ ಬೆಳಗಾಗಿತ್ತು. ಅಲ್ಲಿಂದಲೇ ಫೋನು ಮಾಡಿದೆವು. ಅಕ್ಕ ಎಲ್ಲವನ್ನೂ ಕೇಳಿ, ಆ ನಾಲ್ಕರಲ್ಲಿ ಒಂದು ಮನೆಯವರು ಎರಡನೆಯ ಸಲ ಕೇಸರಿಬಾತು ಬಡಿಸಿಕೊಂಡಿದ್ದನ್ನು ನೆನಪಿಸಿಕೊಂಡು ನಕ್ಕಳು.

ಮುಂದಿನ ಶನಿವಾರ ಕಾರ್ಯಕ್ರಮ ನೋಡುವುದನ್ನೇನೂ ನಾವು ಬಿಡಲಿಲ್ಲ. ಪಾಯಸವನ್ನೂ ಮಾಡಿದೆ. ಮಂಟಪದ ದೃಶ್ಯ ಬರುವಷ್ಟರಲ್ಲಿ ನನಗೆ ಸೋಫಾದಲ್ಲೇ ಜೊಂಪು ಹತ್ತಿತ್ತು. ‘ಇಲ್ಲ’ ಎಂದವಳು ಯಾರೆಂದು ಮಗಳು ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳಿದಳು.