ಗಡುವು ಮುಂದೆ ಹೋದರೂ ಲೆಕ್ಕ ನಿಲ್ಲದು

‘ನಾಳೆ ಎಂದವನ ಮನೆ ಹಾಳು’ ಎನ್ನುತ್ತದೆ ನಮ್ಮ ಗಾದೆ. ಆದರೆ ಸರ್ಕಾರವೇ ಎಲ್ಲರಿಗೂ ‘ನಾಳೆ ಬನ್ನಿ’ ಎನ್ನಬೇಕಾಗಿ ಬಂದ ವರ್ಷ 2020. ಮಾರ್ಚ್ 27ರಂದು ಆರಂಭವಾಗಬೇಕಿದ್ದ ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೊನಾದಿಂದಾಗಿ ಜೂನ್ 25ಕ್ಕೆ ಹೋಯಿತು. ಓದಿದ್ದು ಮರೆತುಹೋದೀತೆಂದು ಮಕ್ಕಳು ಕಂಗಾಲಾದದ್ದು ಹೆತ್ತವರಿಗೆ ನೆನಪಿರಬಹುದು. ಅದೇ ದಿನಗಳಲ್ಲಿ ದೇಶದ ಕಂಪನಿಗಳ ಪರೀಕ್ಷೆಯೂ ಮುಂದಕ್ಕೆ ಹೋಯಿತು.

ಕಂಪನಿಗೆಂಥ ಪರೀಕ್ಷೆ ಎನ್ನುವಿರಾ? ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವ ಕಂಪನಿ ಸೆಪ್ಟೆಂಬರ್ 30ರೊಳಗೆ ಷೇರುದಾರರ ವಾರ್ಷಿಕ ಸಭೆ ಕರೆಯಬೇಕು. ಸಭೆ ನಡೆದ 30 ದಿನಗಳೊಳಗೆ ಲೆಕ್ಕಪತ್ರವನ್ನೂ, 60 ದಿನಗಳೊಳಗೆ ವಾರ್ಷಿಕ ರಿಟರ್ನನ್ನೂ ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ತಪ್ಪಿದರೆ, 2018ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ.

ಇಷ್ಟೊಂದು ಬಿಗಿ ಏಕೆ? ಕಂಪನಿ ಮುಳುಗಿದರೆ ಷೇರುದಾರನ ಮನೆಮಾರು ಸಾಮಾನ್ಯವಾಗಿ ಹೋಗುವುದಿಲ್ಲ. ಹಾಕಿದ ಬಂಡವಾಳವಷ್ಟೇ ಹೋಗುತ್ತದೆ. ಈ ರಕ್ಷಣೆಗೆ ಬದಲಾಗಿ ಕಾನೂನು ಕೇಳುವುದು ಒಂದನ್ನೇ: ನಿಮ್ಮ ಲೆಕ್ಕವನ್ನು ಊರಿಗೆ ತೋರಿಸಿ ಎಂದು. ಸಾಲ ಕೊಡುವ ಬ್ಯಾಂಕು, ಸರಕು ಕೊಡುವ ವರ್ತಕ, ಕೆಲಸಕ್ಕೆ ಸೇರುವ ನಿಮ್ಮ ಮಗ ಅಥವಾ ಮಗಳು, ಯಾರು ಬೇಕಾದರೂ ಅದನ್ನು ನೋಡಬಹುದು. ಲೆಕ್ಕ ಬಾರದಿದ್ದರೆ ಇವರೆಲ್ಲ ಕತ್ತಲಲ್ಲಿ ಕೈಯಾಡಿಸಿದಂತೆಯೇ ಸರಿ.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿತ್ತು. ವರ್ಷಾಂತ್ಯಕ್ಕೆ ಉಳಿದದ್ದು ಒಂದೇ ವಾರ. ದಾಸ್ತಾನು ಎಣಿಸಲು ಗೋದಾಮಿಗೆ ಹೋಗುವಂತಿಲ್ಲ, ಲೆಕ್ಕಪರಿಶೋಧಕರು ಬರುವಂತಿಲ್ಲ, ಓಚರುಗಳು ಮುಚ್ಚಿದ ಕಚೇರಿಯ ಬೀರುವಿನಲ್ಲಿ. ಅದೇ ದಿನ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿ, ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ತಡವಾದ ಸಲ್ಲಿಕೆಗೆ ಹೆಚ್ಚುವರಿ ಶುಲ್ಕ ಇಲ್ಲವೆಂದಿತು. ವಾರದೊಳಗೆ ‘ಕಂಪನಿಗಳ ಫ್ರೆಶ್ ಸ್ಟಾರ್ಟ್ ಯೋಜನೆ’ ಬಂತು. ಹಳೆಯ ವರ್ಷಗಳ ಬಾಕಿ ಕಾಗದಗಳನ್ನೂ ಮಾಮೂಲಿ ಶುಲ್ಕದಲ್ಲೇ ಸಲ್ಲಿಸಬಹುದಾಯಿತು. ಅದರ ಅವಧಿ ಆಮೇಲೆ ಡಿಸೆಂಬರ್ 31ರವರೆಗೆ ಬೆಳೆಯಿತು. ವಾರ್ಷಿಕ ಸಭೆಗೂ ಮೂರು ತಿಂಗಳು ಹೆಚ್ಚಿಗೆ ಸಿಕ್ಕಿತು. ವಿಡಿಯೊ ಮೂಲಕ ಸಭೆ ನಡೆಸಲೂ ಒಪ್ಪಿಗೆ ದೊರೆಯಿತು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ಒಂದು ಲಕ್ಷ ರೂಪಾಯಿ ಬಂಡವಾಳದ ಪುಟ್ಟ ಕಂಪನಿ, ಎರಡು ನಮೂನೆ, ಒಂದು ವರ್ಷದ ವಿಳಂಬ. ದಿನಕ್ಕೆ 200 ರೂಪಾಯಿಯಂತೆ 365 ದಿನಕ್ಕೆ 73,000 ರೂಪಾಯಿ. ಯೋಜನೆಯಲ್ಲಿ ಕಟ್ಟಬೇಕಾದದ್ದು ನಮೂನೆಗೆ 300ರಂತೆ ಬರೀ 600. ವ್ಯಾಪಾರವಿಲ್ಲದ ವರ್ಷದಲ್ಲಿ ಸಣ್ಣ ಉದ್ಯಮಿಗೆ ಈ ವ್ಯತ್ಯಾಸವೇ ಒಬ್ಬ ನೌಕರನ ಕೆಲವು ತಿಂಗಳ ಸಂಬಳ.

ಆದರೆ ಈ ಔದಾರ್ಯಕ್ಕೆ ಬೇಲಿಯೂ ಇತ್ತು. ಕ್ಷಮೆ ದೊರೆತದ್ದು ತಡಮಾಡಿದ್ದಕ್ಕೆ ಮಾತ್ರ. ಸುಳ್ಳು ಲೆಕ್ಕ ಬರೆದದ್ದಕ್ಕಲ್ಲ. ಹೆಸರು ತೆಗೆದುಹಾಕಲು ಅಂತಿಮ ನೋಟಿಸು ಹೋಗಿದ್ದ ಕಂಪನಿಗಳಿಗೆ ಪ್ರವೇಶವಿರಲಿಲ್ಲ. ಕಂಪನಿಯ ಆಸ್ತಿ ಅಡವಿಟ್ಟು ಸಾಲ ಪಡೆದಾಗ ದಾಖಲಿಸುವ ನಮೂನೆಗಳನ್ನೂ ಈ ಯೋಜನೆಯಿಂದ ಹೊರಗಿಟ್ಟರು. ಇದು ಯೋಚಿಸಬೇಕಾದ ಸಂಗತಿ. ಒಂದೇ ಯಂತ್ರವನ್ನು ಒಬ್ಬರಿಗೆ ಅಡವಿಟ್ಟು, ಅದು ದಾಖಲಾಗುವ ಮೊದಲೇ ಇನ್ನೊಬ್ಬರಿಂದ ಸಾಲ ಎತ್ತಿದರೆ ಎರಡನೆಯವರ ಗತಿಯೇನು? ಆ ನಮೂನೆಗಳಿಗೂ ತೊಂದರೆ ತಟ್ಟದೆ ಇರಲಿಲ್ಲ. ಆದ್ದರಿಂದ ಜೂನ್ ತಿಂಗಳಲ್ಲಿ ಅವುಗಳಿಗೆಂದೇ ಬೇರೆ ಏರ್ಪಾಡು ಮಾಡಿದರು.

ರಿಯಾಯಿತಿ ಎಂದರೆ ಹೀಗಿರಬೇಕು. ನಮ್ಮ ಕೈಮೀರಿದ ಕಾರಣಕ್ಕೆ ಕಾಲ ಕೊಡಬೇಕು. ಆದರೆ ನಮಗೆ ಸಿಕ್ಕ ಕಾಲದ ಬೆಲೆಯನ್ನು ಮೂರನೆಯವರು ತೆರುವಂತಾಗಬಾರದು.

ಹೆತ್ತವರಿಗೂ ಒಂದು ಮಾತು. ಖಾಸಗಿ ಕಂಪನಿಗೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು. ಹಾಗಾಗಿ ಗಂಡ ಕಂಪನಿ ತೆರೆದರೆ ಹೆಂಡತಿಯ ಸಹಿ, ಅಣ್ಣ ತೆರೆದರೆ ತಮ್ಮನ ಸಹಿ ಬೀಳುವುದುಂಟು. ಸತತ ಮೂರು ವರ್ಷ ಲೆಕ್ಕ ಸಲ್ಲಿಸದ ಕಂಪನಿಯ ನಿರ್ದೇಶಕರು ಐದು ವರ್ಷ ಬೇರಾವ ಕಂಪನಿಗೂ ನಿರ್ದೇಶಕರಾಗಿ ನೇಮಕವಾಗುವಂತಿಲ್ಲ. 2017ರಲ್ಲಿ ಹೀಗೆ ಅನರ್ಹರಾದವರು ಮೂರು ಲಕ್ಷದಷ್ಟು ಮಂದಿ. ‘ಸುಮ್ಮನೆ ಸಹಿ ಹಾಕಿದೆ’ ಎಂಬುದಕ್ಕೆ ಕಾನೂನಿನಲ್ಲಿ ಬೆಲೆ ಕಡಿಮೆ.

ಮುಂದೂಡಿದ ಪರೀಕ್ಷೆಯಲ್ಲಿ ಪಾರಾದವರು ಆ ಮೂರು ತಿಂಗಳೂ ಪುಸ್ತಕವನ್ನು ಕೈಬಿಡದ ಮಕ್ಕಳು. ಕಂಪನಿಗಳ ಮಾತೂ ಅಷ್ಟೇ. ದಿನದಿನದ ಲೆಕ್ಕ ಬರೆದಿಟ್ಟವರಿಗೆ ಹೆಚ್ಚಿನ ಕಾಲ ನೆರವಾಗುತ್ತದೆ. ಬರೆಯದೇ ಬಿಟ್ಟವರಿಗೆ ಬಾಕಿಯೇ ಬೆಳೆಯುತ್ತದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಕ್ಕಳು ಅಪ್ಪ ಅಮ್ಮನನ್ನು ಕೇಳಲಿ: ‘ನೀವು ಎಲ್ಲಾದರೂ ನಿರ್ದೇಶಕರೆಂದು ಸಹಿ ಹಾಕಿದ್ದೀರಾ? ಅಲ್ಲಿ ಈ ವರ್ಷದ ಲೆಕ್ಕ ಸಲ್ಲಿಸಿದ್ದಾರೆಯೇ?’