ಕರಗುವ ಸಾಕ್ಷಿ

ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಕೊಡೈಕಾನಲ್‌ನ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹೆಪ್ಪುಗಟ್ಟಿದ ಇಬ್ಬನಿ ಕಾಣಿಸುವುದುಂಟು. ಬಿಸಿಲು ತಾಕಿದ ಸ್ವಲ್ಪ ಹೊತ್ತಿಗೆ ಅದು ಮಾಯ. ಮಂಜುಗಡ್ಡೆಯ ಒಳರಚನೆಯನ್ನು ಅಭ್ಯಸಿಸುವವರ ತೊಡಕೂ ಇದೇ: ಸಾಕ್ಷಿ ಕರಗಿಹೋಗುತ್ತದೆ, ಉಳಿಯುವುದು ಅದರ ಚಿತ್ರ ಮಾತ್ರ.

ನೋಟಕ್ಕೆ ಅಖಂಡವೆನಿಸುವ ಮಂಜುಗಡ್ಡೆ ವಾಸ್ತವದಲ್ಲಿ ಅನೇಕ ಹರಳುಗಳ ಒಟ್ಟಣೆ. ಅದನ್ನು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿ ಹೆರೆದು, ಪರಸ್ಪರ ಅಡ್ಡವಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇರಿಸಿ ಬೆಳಕು ಹಾಯಿಸಿದರೆ, ಒಂದೊಂದು ಹರಳೂ ತನ್ನ ಓರೆಗೆ ತಕ್ಕ ಬಣ್ಣ ತಳೆಯುತ್ತದೆ. ಕಂಪ್ಯೂಟರ್ ಆ ಬಣ್ಣಗಳ ನಡುವಿನ ಗಡಿಗಳನ್ನು ಗುರುತಿಸಿ, ಹರಳುಗಳನ್ನೆಣಿಸಿ, ವಿಸ್ತೀರ್ಣವನ್ನು ಅಳೆಯುತ್ತದೆ. ಕಾಲ ಕಳೆದಂತೆ ದೊಡ್ಡ ಹರಳುಗಳು ಚಿಕ್ಕವನ್ನು ನುಂಗಿ ಬೆಳೆಯುತ್ತವೆ. ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್ ನಾಲಗೆಗೆ ಮರಳುಮರಳಾಗಿ ತಾಗುವುದು ಹರಳುಗಳು ಹೀಗೆ ದಪ್ಪವಾಗುವುದರಿಂದಲೇ.

ಗಡಿ ಗುರುತಿಸುವ ಇಂತಹುದೇ ಕೆಲಸ ಕೊಡೈಕಾನಲ್‌ನ ಚಿತ್ರಗಳ ಮೇಲೂ ನಡೆದಿದೆ. ಆದರೆ ಅವು ಸೂರ್ಯನ ಚಿತ್ರಗಳು. 1899ರಲ್ಲಿ ಸ್ಥಾಪಿತವಾಗಿ, ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿರುವ ಅಲ್ಲಿನ ವೀಕ್ಷಣಾಲಯದಲ್ಲಿ, ಕ್ಯಾಲ್ಸಿಯಂ ಹೊಮ್ಮಿಸುವ ನೇರಳೆ ಬೆಳಕಿನಲ್ಲಿ 1904ರಿಂದ 2007ರವರೆಗೆ ಸೂರ್ಯನನ್ನು ಚಿತ್ರಿಸಲಾಯಿತು. ಈ ಸಂಗ್ರಹವನ್ನು ಈಚೆಗೆ ಡಿಜಿಟಲ್ ರೂಪಕ್ಕೆ ತರಲಾಗಿದೆ. ಚಿತ್ರಗಳಲ್ಲಿ ಸೂರ್ಯನ ಮೈ ಸುಮಾರು 30,000 ಕಿಲೋಮೀಟರ್ ಅಗಲದ ಕೋಶಗಳ ಬಲೆಯಂತೆ ತೋರುತ್ತದೆ.

ಆ ಕೋಶಗಳ ಗಡಿ ಗುರುತಿಸುವ ಲೆಕ್ಕಾಚಾರಕ್ಕೆ ಜಲವಿಭಾಜಕ ವಿಧಾನವೆಂದು ಹೆಸರು. ಪ್ರಕಾಶದ ಹೆಚ್ಚುಕಡಿಮೆಯನ್ನು ದಿಣ್ಣೆ-ತಗ್ಗುಗಳೆಂದು ಭಾವಿಸಿ, ತಗ್ಗುಗಳಲ್ಲಿ ನೀರು ತುಂಬಿಸಿದರೆ, ಎರಡು ನೀರುಗಳು ಕೂಡುವಲ್ಲಿ ಗಡಿ. ಪಡುವಣಕ್ಕೆ ಹರಿಯುವ ಪೆರಿಯಾರ್ ನೀರನ್ನು ಬೆಟ್ಟ ಕೊರೆದು ಮೂಡಣಕ್ಕೆ ಪಡೆದ ಕಂಬಂ ಕಣಿವೆಯವರಿಗೆ ಜಲವಿಭಾಜಕದ ಅರ್ಥ ಹೇಳಬೇಕಾಗಿಲ್ಲ! ಕೋಶಗಳ ಸರಾಸರಿ ಗಾತ್ರವೂ ಸೂರ್ಯಕಲೆಗಳ ಸುಮಾರು 11 ವರ್ಷದ ಚಕ್ರದೊಡನೆ ಬದಲಾಗುವುದು ಈ ವಿಧಾನದಿಂದ ಕಂಡುಬಂದು, 2017ರಲ್ಲಿ ಪ್ರಕಟವಾಯಿತು.

ಆದರೂ ಯಂತ್ರ ಎಳೆದ ಗೆರೆ ಅಂತಿಮ ತೀರ್ಪಲ್ಲ. ಫಲಕದ ಮೇಲಿನ ಗೀರೂ ಗಡಿಯೆನಿಸಬಹುದು. ಒಂದೇ ಓರೆಯ ಎರಡು ಹರಳುಗಳು ಒಂದೇ ಬಣ್ಣ ತಳೆದು ಒಂದಾಗಿ ಎಣಿಕೆಯಾಗಬಹುದು. ಸೂರ್ಯನ ವಿಷಯದಲ್ಲಿ ಸಂದೇಹ ಬಂದರೆ ಮೂಲ ಫಲಕವನ್ನೇ ಹೊರತೆಗೆದು ಪರಿಶೀಲಿಸಬಹುದು. ಕರಗಿದ ಮಂಜುಗಡ್ಡೆಯನ್ನು ಮತ್ತೆ ಕರೆಸುವಂತಿಲ್ಲ. ಆದುದರಿಂದ ಶೀತಕೋಣೆಯಲ್ಲಿ ದುಡಿಯುವವರು ಪೋಲರಾಯ್ಡ್ ಹಾಳೆಗಳನ್ನು ತಿರುತಿರುಗಿಸಿ, ಒಂದೇ ತುಣುಕಿನ ಹಲವು ಚಿತ್ರಗಳನ್ನು ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ.