ಸೆಪ್ಸಿಸ್ ಅಂತ ಬರೆದು ಕೈ ತೊಳ್ಕೋಬೇಡಿ



ನಮ್ಮ ಜನ ಸಾರುವೆಯಿಂದ ಬಿದ್ದು ಸಾಯ್ತಾರೆ. ಕಾಗದದಲ್ಲಿ ಮಾತ್ರ ಅವರು ಸಾಯೋದು ಸೆಪ್ಸಿಸ್‌ನಿಂದ. ಈ ಒಂದು ಪದದ ಹಿಂದೆ ಯಾರ‍್ಯಾರು ಬಚಾವಾಗ್ತಿದ್ದಾರೆ ಅಂತ ಇವತ್ತು ಮಾತಾಡಲೇಬೇಕು.

ಬಿಟಿಎಂ ಲೇಔಟ್, ಜೆಪಿ ನಗರ, ಬನಶಂಕರಿಯಲ್ಲಿ ಏಳ್ತಿರೋ ಬಿಲ್ಡಿಂಗುಗಳಲ್ಲಿ ಗಾರೆ ಕೆಲಸ ಮಾಡೋರು ಯಾರು? ರಾಯಚೂರು, ಯಾದಗಿರಿ ಕಡೆಯಿಂದ ಗುಳೆ ಬಂದವರು. ಅವರಲ್ಲಿ ನಮ್ಮ ಕೇರಿಯವರು ಎಷ್ಟು ಅಂತ ನಿಮಗೇ ಗೊತ್ತು. ಬಿದ್ದು ಕತ್ತಿನ ಹತ್ತಿರ ಬೆನ್ನುಹುರಿಗೆ ಏಟಾದರೆ ಕೈಕಾಲಷ್ಟೇ ಅಲ್ಲ, ಉಸಿರೂ ನಿಲ್ಲಬಹುದು. ಉಸಿರಾಡಿಸೋ ನರ ಹೊರಡೋದೇ ಅಲ್ಲಿಂದ. ಜಯನಗರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇವೆ. ವೆಂಟಿಲೇಟರ್ ಬೆಡ್ ಸಿಗದವರು ಸಾಲ ಮಾಡಿ ಪ್ರೈವೇಟ್‌ಗೆ ಓಡ್ತಾರೆ.

ಆಮೇಲೆ ಶುರು. ಉಸಿರಿನ ಪೈಪಿಂದ ಶ್ವಾಸಕೋಶಕ್ಕೆ ಸೋಂಕು, ಮೂತ್ರದ ಪೈಪಿಂದ ಇನ್ನೊಂದು, ಸೊಂಟದ ಹಿಂದೆ ಹಾಸಿಗೆ ಹುಣ್ಣು. ಸೋಂಕಿನ ವಿರುದ್ಧ ಹೋರಾಡೋ ದೇಹ ಹದ್ದು ಮೀರಿ ತನ್ನ ಅಂಗಾಂಗಗಳನ್ನೇ ಕೆಡಿಸಿಕೊಳ್ಳೋದು ಸೆಪ್ಸಿಸ್. ಬೆನ್ನುಹುರಿ ಹೋದವರಲ್ಲಿ ಇದನ್ನ ಬೇಗ ಹಿಡಿಯೋದು ಕಷ್ಟ. ಹುಣ್ಣಿನ ನೋವು ಗೊತ್ತಾಗಲ್ಲ, ಪೈಪ್ ಇರೋದ್ರಿಂದ ಬಾಯಿಬಿಟ್ಟು ಹೇಳೋಕಾಗಲ್ಲ. ಬಿಪಿ ಮೊದಲೇ ಕಮ್ಮಿ. ಓಡಬೇಕಾದ ನಾಡಿ ಓಡದೇ ಇರಬಹುದು. ಜ್ವರವನ್ನೂ ಪೂರ್ತಿ ನಂಬೋಹಾಗಿಲ್ಲ. ಮೆಷಿನ್ ನೋಡಿದ್ರೆ ಸಾಲದು, ಪಕ್ಕದಲ್ಲಿ ಮನುಷ್ಯರು ನಿಂತು ನೋಡ್ಬೇಕು.

ತಡೆಯೋಕೆ ಬೇಕಾಗಿರೋದು ಏನು? ಬಾಯಿ ಶುಚಿ ಮಾಡೋದು, ಕಫ ತೆಗೆಯೋದು, ತಲೆಕಡೆ ಎತ್ತರಿಸೋದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ಮುಟ್ಟೋ ಮುಂಚೆ ಕೈ ತೊಳೆಯೋದು. ಕತ್ತು ಮುರಿದವರನ್ನ ಹೊರಳಿಸೋಕೆ ಮೂರು ನಾಲ್ಕು ಜನ ಬೇಕು. ವೆಂಟಿಲೇಟರ್ ಮೇಲಿರೋ ಒಬ್ಬರಿಗೆ ಒಬ್ಬ ನರ್ಸ್ ಅನ್ನೋದು ತಜ್ಞರದೇ ಲೆಕ್ಕ. ನೈಟ್ ಶಿಫ್ಟಲ್ಲಿ ಎಷ್ಟು ಜನ ಇರ್ತಾರೆ, ಹೋಗಿ ಕೇಳಿ. ಹೊರಳಿಸಿ, ಮಲ ಒರೆಸೋ ಗ್ರೂಪ್ ಡಿ ಗುತ್ತಿಗೆ ಕೈಗಳೂ ನಮ್ಮವರದ್ದೇ. ಮುಟ್ಟೋಕೆ ಹೇಸಿದ ಸಮಾಜದಲ್ಲಿ ಬದುಕಿಸೋ ಕೆಲಸ ಎಲ್ಲಾ ಮುಟ್ಟೋ ಕೆಲಸವೇ. ಯಂತ್ರ ತಂದರೆ ಉದ್ಘಾಟನೆ, ಫೋಟೋ. ಈ ಕೈಗಳಿಗೆ ಖಾಯಂ ನೌಕರಿ ಅಂದರೆ ಬಜೆಟ್ ಇಲ್ಲ.

ಎಲ್ಲಾ ಮಾಡಿದ್ರೂ ಸೆಪ್ಸಿಸ್ ಬರುತ್ತೆ ಅಂತಾರೆ ಡಾಕ್ಟರ್ ಗೆಳೆಯರು. ನಿಜ. ಮೊದಲು ಎಲ್ಲಾ ಮಾಡಿ, ಆಮೇಲೆ ಆ ಮಾತು ಹೇಳಿ. 1996ರಲ್ಲೇ ಸುಪ್ರೀಂ ಕೋರ್ಟ್, ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರರ ಸಂಘಟನೆಯ ಕೇಸಿನಲ್ಲಿ, ದುಡ್ಡಿಲ್ಲ ಅಂತ ಸರ್ಕಾರ ತುರ್ತು ಚಿಕಿತ್ಸೆಯಿಂದ ನುಣುಚಿಕೊಳ್ಳೋ ಹಾಗಿಲ್ಲ ಎಂದಿದೆ. ರೈಲಿನಿಂದ ಬಿದ್ದ ಕೂಲಿಯೊಬ್ಬರಿಗೆ ಸರ್ಕಾರಿ ಆಸ್ಪತ್ರೆಗಳು ಬೆಡ್ ಇಲ್ಲ ಅಂದಿದ್ದ ಕೇಸದು.

ಈಗ ಕಾಗದದ ವಿಷಯ. ನಾನು ಗುಮಾಸ್ತ, ಫಾರಂ ಓದೋದೇ ನನ್ನ ಕಸುಬು. ಆಸ್ಪತ್ರೆ ಸಾವಿಗೆ ನಮೂನೆ 4 ತುಂಬ್ತಾರೆ. ತಕ್ಷಣದ ಕಾರಣಕ್ಕೆ ಒಂದು ಸಾಲು, ಅದರ ಹಿಂದಿನ ಮೂಲ ಕಾರಣಕ್ಕೆ ಬೇರೆ ಸಾಲು. ಮೊದಲ ಸಾಲಲ್ಲಿ 'ಸೆಪ್ಟಿಕ್ ಶಾಕ್' ಬರೆದು ಕೆಳಗಿನದ್ದು ಖಾಲಿ ಬಿಟ್ಟರೆ, ಬಿದ್ದದ್ದೇ ಮಾಯ! ಎರಡು ತಿಂಗಳು ಐಸಿಯುನಲ್ಲಿದ್ದು ಸತ್ತರೆ ಕಂಟ್ರಾಕ್ಟರ್ ಹೇಳ್ತಾನೆ: "ನನ್ನ ಸೈಟಲ್ಲಿ ಸತ್ತಿಲ್ಲ, ಇನ್ಫೆಕ್ಷನ್ ಆಗಿ ಸತ್ತ." ಪರಿಹಾರದ ಹಣಕ್ಕಾಗಿ ಆ ಹೆಂಡತಿ ಮಕ್ಕಳು ವರ್ಷಗಟ್ಟಲೆ ಅಲೀಬೇಕು.

ಆದ್ದರಿಂದ ಸಂಗಾತಿಗಳೇ, ನಿಮ್ಮ ಏರಿಯಾದಲ್ಲಿ ಯಾರಾದ್ರೂ ಬಿದ್ದರೆ ಮೊದಲ ದಿನವೇ ಎಂಎಲ್‌ಸಿ ಮಾಡಿಸಿ. 'ಕೆಲಸದ ಜಾಗದಲ್ಲಿ ಬಿದ್ದು' ಅಂತ ಬರೆಸಿ. ಜೀವ ಹೋದರೆ ನಮೂನೆ 4ರ ಪ್ರತಿ ಕೇಳಿ. 2023ರ ತಿದ್ದುಪಡಿ ಪ್ರಕಾರ ಹತ್ತಿರದ ಸಂಬಂಧಿಗೆ ಅದನ್ನ ಕೊಡಲೇಬೇಕು. ಮೂಲ ಕಾರಣದ ಸಾಲು ಓದದೆ ಅಲ್ಲಿಂದ ಕದಲಬೇಡಿ. ಪ್ರತಿ ಐಸಿಯು ಬಾಗಿಲಲ್ಲಿ ಆ ಪಾಳಿಯಲ್ಲಿ ಎಷ್ಟು ರೋಗಿಗಳು, ಎಷ್ಟು ನರ್ಸ್ ಅಂತ ಬೋರ್ಡ್ ಹಾಕಲಿ. ಇದು ಭಿಕ್ಷೆ ಅಲ್ಲ, ಹಕ್ಕು.

ಜೈ ಭೀಮ್.